ನೂರ ಐದು ಯಾಕೆ 1005 ಆಯಿತು: ಮೂರನೇ ತರಗತಿಯ ಒಂದು ಪ್ರಕರಣ

ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ನನ್ನದು ನಲಿ-ಕಲಿ ಕೊಠಡಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಎಲ್ಲ ಸೇರಿ 26 ಮಕ್ಕಳು, ಅದರಲ್ಲಿ ಮೂರನೇ ತರಗತಿಯವರು 11. ಅವರಲ್ಲಿ ಒಬ್ಬ ಹುಡುಗನ ಒಂದು ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ. ಆ ತಪ್ಪನ್ನು ಸರಿಪಡಿಸಲು ನಾಲ್ಕು ವಾರ ಬೇಕಾಯಿತು. ಮೊದಲ ಎರಡು ವಾರ ನಾನು ಹಿಡಿದ ದಾರಿಯೇ ಸರಿ ಇರಲಿಲ್ಲ.

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ನಮ್ಮ ಶಾಲೆಗಳಿಗೆ ಹೊಂದುವ ಹಾಗೆ ಕಟ್ಟಿಕೊಂಡರು. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ ಇರುತ್ತದೆ. ಮಗು ತನ್ನ ಮೆಟ್ಟಿಲು ನೋಡಿ, ಅಲ್ಲಿನ ಲೋಗೋ (ಗುರುತಿನ ಚಿತ್ರ) ಗುರುತಿಸಿ, ಅದರ ಕಾರ್ಡು ತೆಗೆದುಕೊಂಡು, ತನ್ನ ಗುಂಪಿನಲ್ಲಿ ಕೂರುತ್ತದೆ. ಎಲ್ಲರೂ ಒಂದೇ ದಿನ ಒಂದೇ ಪಾಠ ಕಲಿಯಬೇಕು ಅಂತಿಲ್ಲ. ಈ ಹುಡುಗ ಗಣಿತದ ಏಣಿಯಲ್ಲಿ ಚುರುಕಾಗಿ ಹತ್ತುತ್ತಿದ್ದ. ಮೂರಂಕಿ ಸಂಖ್ಯೆಗಳ ಹತ್ತಿರ ಬಂದಾಗಲೂ ಎಲ್ಲೂ ನಿಲ್ಲಲಿಲ್ಲ. ಹಾಗಾಗಿ ಅವನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಆಗಸ್ಟ್ ತಿಂಗಳ ಒಂದು ದಿನ ಕಾರ್ಡುಗಳನ್ನೆಲ್ಲ ಪಕ್ಕಕ್ಕಿಟ್ಟು, ಮೂರನೇ ತರಗತಿಯವರಿಗೆ ಸುಮ್ನೆ ಹತ್ತು ಸಂಖ್ಯೆ ಉಕ್ತಲೇಖನ ಕೊಟ್ಟೆ. ನಾನು ಹೇಳುವುದು, ಅವರು ಸ್ಲೇಟಿನಲ್ಲಿ ಅಂಕಿಯಲ್ಲಿ ಬರೆಯುವುದು. ಹುಡುಗ ಬರೆದದ್ದನ್ನು ನನ್ನ ಡೈರಿಯಲ್ಲಿ ಹಾಗೇ ಇಳಿಸಿಕೊಂಡಿದ್ದೇನೆ.

ನಲವತ್ತೇಳು 47. ತೊಂಬತ್ತು 90. ನೂರು 100. ಇನ್ನೂರು 200. ಐನೂರು 500. ಇಷ್ಟು ಸರಿ. ಆದರೆ ನೂರ ಐದಕ್ಕೆ 1005. ನೂರ ಹದಿನೆಂಟಕ್ಕೆ 10018. ಇನ್ನೂರ ಐವತ್ತಕ್ಕೆ 20050. ಆರುನೂರಕ್ಕೆ 6100. ಮುನ್ನೂರ ನಲವತ್ತು ಅಂದಾಗ ಅವನು ಒಂದು ಕ್ಷಣ ನಿಂತು, "ಮುನ್ನೂರು ಅಂದ್ರೆ ಮೂರು ನೂರಾ ಮಿಸ್?" ಅಂತ ಕೇಳಿದ. ಹೌದು ಅಂದೆ. 310040 ಅಂತ ಬರೆದ.

ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು. ಐದು ಸರಿ, ಐದು ತಪ್ಪು. ಉಳಿದವರ ಸ್ಲೇಟು ನೋಡಿದೆ. 11 ಮಕ್ಕಳಲ್ಲಿ ಏಳು ಜನ ನೂರ ಐದನ್ನು 1005 ಅಂತಲೇ ಬರೆದಿದ್ದರು. ಏಳು ಮಕ್ಕಳು ಒಂದೇ ರೀತಿ ತಪ್ಪು ಮಾಡಿದರೆ ಅದು ಅಜಾಗರೂಕತೆ ಅಲ್ಲ. ಅದು ನನಗೆ ಆ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. 1ರಿಂದ 200ರವರೆಗೆ ಮನೆಯಲ್ಲಿ ಬರೆದುಕೊಂಡು ಬನ್ನಿ ಅಂದೆ. ಬರೆದುಕೊಂಡು ಬಂದರು, ಎಲ್ಲವೂ ಸರಿಯಾಗಿತ್ತು. ಯಾಕೆಂದರೆ 104 ಆದ ಮೇಲೆ ಕೊನೆಯ ಅಂಕಿ ಬದಲಾಯಿಸಿದರೆ 105 ತಾನಾಗಿ ಬರುತ್ತದೆ. ಅದಕ್ಕೆ ಸಂಖ್ಯೆ ಅರ್ಥವಾಗಿರಬೇಕು ಅಂತಿಲ್ಲ. ಮರುದಿನ ಮತ್ತೆ ಉಕ್ತಲೇಖನ. ಮತ್ತೆ 1005.

ಹಾಗಾದರೆ ಏಣಿಯಲ್ಲಿ ಅವನು ಹೇಗೆ ಮೇಲೆ ಬಂದ? ಹಳೆಯ ಅಭ್ಯಾಸದ ಹಾಳೆಗಳನ್ನು ತೆಗೆದು ನೋಡಿದೆ. ನಾನೇ ಮಾಡಿಕೊಟ್ಟ ಹಾಳೆಗಳು. ಎಲ್ಲದರಲ್ಲೂ ನೂ, ಹ, ಬಿ (ನೂರು, ಹತ್ತು, ಬಿಡಿ) ಅಂತ ಮೂರು ಮನೆ ಗೀಚಿಕೊಟ್ಟಿದ್ದೆ. ಒಂದು ಮನೆಗೆ ಒಂದೇ ಅಂಕಿ ಅಂತ ಹೇಳಿಯೂ ಇದ್ದೆ. ಮೂರು ಮನೆ ಇದ್ದರೆ 1005 ಬರೆಯಲು ಜಾಗವೇ ಇಲ್ಲ ಅಲ್ವಾ? ಮನೆಗಳು ಅವನ ತಪ್ಪನ್ನು ಮುಚ್ಚಿಟ್ಟಿದ್ದವು. ಮನೆ ತೆಗೆದ ತಕ್ಷಣ ಅದು ಹೊರಗೆ ಬಂತು.

ಆಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದೆ. ತೊಂಬತ್ತಾರು ಕಾಯಿ ಇದೆ, ಇನ್ನೂ ಒಂಬತ್ತು ಕಾಯಿ ಹಾಕಿದ್ರೆ ಎಷ್ಟು ಮಗಾ ಅಂದೆ. "ನೂರೈದು" ಅಂತ ಥಟ್ಟನೆ ಹೇಳಿದ. ಬರಿ ಅಂದರೆ 1005. ಕರಿಹಲಗೆಯ ಮೇಲೆ ನಾನು 105 ಬರೆದು ಓದು ಅಂದೆ. ಸ್ವಲ್ಪ ಹೊತ್ತು ನೋಡಿ "ಹತ್ತು... ಐದು" ಅಂದ. ಅವನಿಗೆ ಲೆಕ್ಕ ಬರುತ್ತಿತ್ತು. ಬಾಯಲ್ಲಿ ಬರುವ ಲೆಕ್ಕವೂ ಕೈಯಲ್ಲಿ ಬರುವ ಅಂಕಿಯೂ ಬೇರೆ ಬೇರೆ ಊರಿನಲ್ಲಿದ್ದವು.

ಅವನ ಬರವಣಿಗೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದರೆ ಅದರಲ್ಲಿ ಒಂದು ಕ್ರಮವಿದೆ. ಕಿವಿಗೆ ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯುತ್ತಿದ್ದಾನೆ. 'ನೂರ' ಕೇಳಿಸಿತು, 100 ಬರೆದ. 'ಐದು' ಕೇಳಿಸಿತು, 5 ಬರೆದ. 'ಆರು' 6, 'ನೂರು' 100, ಸೇರಿ 6100. ಹಾಗಾದರೆ 200 ಮತ್ತು 500 ಹೇಗೆ ಸರಿಯಾದವು? ಇದು ನನಗೆ ಬಸ್ಸಿನಲ್ಲಿ ಟಿಕೆಟ್‌ಗೆ ನೋಟು ಕೊಡುವಾಗ ಹೊಳೆಯಿತು. 100, 200, 500 ರೂಪಾಯಿ ನೋಟುಗಳಿವೆ. ಮಕ್ಕಳು ಅವನ್ನು ಕಣ್ಣಲ್ಲಿ ನೋಡಿದ್ದಾರೆ. 600ರ ನೋಟಿಲ್ಲ. ಅಂದರೆ ಆ ಮೂರು ಸಂಖ್ಯೆಯನ್ನು ಅವನು ಚಿತ್ರದ ಹಾಗೆ ನೆನಪಿಟ್ಟುಕೊಂಡಿದ್ದ, ಉಳಿದದ್ದನ್ನು ಕಿವಿಯಿಂದ ಕಟ್ಟುತ್ತಿದ್ದ.

ಕನ್ನಡದ ಎಣಿಕೆಯ ಪದಗಳು ಮಕ್ಕಳಿಗೆ ದೊಡ್ಡ ವರ ಅಂತ ನಾನು ನಂಬಿದ್ದೇನೆ. ಇಪ್ಪತ್ತು ಒಂದು ಸೇರಿ ಇಪ್ಪತ್ತೊಂದು, ಐವತ್ತು ಮೂರು ಸೇರಿ ಐವತ್ತಮೂರು. ಹಿಂದಿ ಕಲಿಯುವ ಮಗು ನೂರರವರೆಗೆ ಹೆಚ್ಚುಕಡಿಮೆ ಒಂದೊಂದು ಪದವನ್ನೂ ಬಾಯಿಪಾಠ ಮಾಡಬೇಕು. ನಮ್ಮ ಮಕ್ಕಳಿಗೆ ಆ ಕಷ್ಟವಿಲ್ಲ. ಆದರೆ ಪದ ಕೂಡಿಸಿಕೊಂಡು ಹೋಗುತ್ತದೆ, ಅಂಕಿ ಹಾಗೆ ಹೋಗುವುದಿಲ್ಲ. 'ನೂರ ಐದು' ಅನ್ನುವಾಗ ಹತ್ತರ ಜಾಗ ಖಾಲಿ ಇದೆ ಅಂತ ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ಸೊನ್ನೆ ಬಾಯಲ್ಲಿಲ್ಲ, ಬರವಣಿಗೆಯಲ್ಲಿ ಮಾತ್ರ ಇದೆ. ಇದು ನಮ್ಮ ಭಾಷೆಯೊಂದರ ತೊಡಕೂ ಅಲ್ಲ. ಇಟಲಿಯ ಏಳು ವರ್ಷದ ಮಕ್ಕಳಿಗೆ ಸಂಖ್ಯೆಗಳ ಉಕ್ತಲೇಖನ ಕೊಟ್ಟು ನೋಡಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಮಕ್ಕಳು ಹೀಗೇ ಜಾಸ್ತಿ ಸೊನ್ನೆ ಸೇರಿಸಿ ಬರೆದಿದ್ದರು.

ಮೊದಲು ಕಡ್ಡಿ ಕಟ್ಟು ಮಾಡಿಸಿದೆ. ನಮ್ಮೂರಲ್ಲಿ ಪೊರಕೆ ಕಡ್ಡಿಗೆ ಬರವಿಲ್ಲ. ತೆಂಗಿನ ಗರಿಯಿಂದ ಕಡ್ಡಿ ಸೀಳಿ, ಒಂದೇ ಅಳತೆಗೆ ಮುರಿದು, ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಹತ್ತು ಕಟ್ಟು ಸೇರಿದರೆ ಒಂದು ದೊಡ್ಡ ಕಟ್ಟು. ಮಕ್ಕಳಿಗೆ ಬಲು ಇಷ್ಟವಾಯಿತು. ನೂರ ಐದು ಕಡ್ಡಿ ತಾ ಅಂದರೆ ಹುಡುಗ ಒಂದು ದೊಡ್ಡ ಕಟ್ಟು, ಐದು ಬಿಡಿ ಕಡ್ಡಿ ತಂದು ಇಡುತ್ತಿದ್ದ. ಸರಿ. ಬರಿ ಅಂದರೆ 1005.

ಇಲ್ಲಿ ನಾನು ನಾಲ್ಕೈದು ದಿನ ಕಳೆದೆ. ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ದೊಡ್ಡ ಕಟ್ಟಿನಲ್ಲಿ ನಿಜವಾಗಿಯೂ ನೂರು ಕಡ್ಡಿಗಳಿವೆ. ಅದನ್ನು ಎಡಕ್ಕಿಡಿ, ಬಲಕ್ಕಿಡಿ, ಜೇಬಿನಲ್ಲಿಡಿ, ಅದು ನೂರೇ. ಕಟ್ಟಿಗೆ ಜಾಗದ ಹಂಗಿಲ್ಲ. ಹಾಗಾಗಿ ಮಗು ಕಟ್ಟನ್ನು ನೋಡಿ 100 ಅಂತ ಬರೆದರೆ ಅದು ನ್ಯಾಯವೇ. ಕಟ್ಟು ಎಷ್ಟು ಅನ್ನುವುದನ್ನು ಕಲಿಸಿತು. ಎಲ್ಲಿ ಅನ್ನುವುದನ್ನು ಕಲಿಸಲಿಲ್ಲ. 105ರಲ್ಲಿ ಇರುವ 1 ನೂರಾಗುವುದು ಅದು ಕೂತ ಜಾಗದಿಂದ ಮಾತ್ರ.

ದಾರಿ ಸಿಕ್ಕಿದ್ದು ಹುಡುಗನ ಮನೆಯ ಅಂಗಳದಲ್ಲಿ. ಅವನ ತಂಗಿಯನ್ನು ಶಾಲೆಗೆ ಸೇರಿಸುವ ವಿಷಯ ಮಾತಾಡಲು ಒಂದು ಸಂಜೆ ಹೋಗಿದ್ದೆ. ಕಾಯಿ ಕೀಳಿಸಿದ್ದರು. ಅಂಗಳದ ತುಂಬ ರಾಶಿ. ಅವನ ತಾತ ಕಾಯಿ ಎಣಿಸಿ ಅಟ್ಟಕ್ಕೆ ಹಾಕಿಸುತ್ತಿದ್ದರು. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಿ, ಒಳಗೇ ಉಂಡೆ ಕೊಬ್ಬರಿ ಆಗುತ್ತದೆ. ಹಾಗಾಗಿ ಎಷ್ಟು ಹಾಕಿದೆವು ಅನ್ನುವ ಲೆಕ್ಕ ಮುಖ್ಯ. ತಾತ ಎರಡು ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಜೋಡಿ ಜೋಡಿಯಾಗಿ ಎಣಿಸುತ್ತಿದ್ದರು. ಮೊದಲ ಜೋಡಿಗೆ ಒಂದು ಅನ್ನಲಿಲ್ಲ, "ಲಾಭ" ಅಂದರು. ಆಮೇಲೆ ಎರಡು, ಮೂರು ಅಂತ ಮುಂದುವರಿಸಿದರು. ಐವತ್ತು ಜೋಡಿ ಆದ ಕೂಡಲೇ ಹುಡುಗ ಓಡಿ ಬಂದು, ಕೊನೆಯ ಕಾಯಿಯನ್ನು ಅಟ್ಟಕ್ಕೆ ಕಳಿಸದೆ ಜಗಲಿಯ ಅಂಚಿಗೆ ಇಡುತ್ತಿದ್ದ. ಅದು ಗುರುತಿನ ಕಾಯಿ. ಮತ್ತೆ ಲಾಭದಿಂದ ಶುರು.

ಎಣಿಕೆ ಮುಗಿದಾಗ ಜಗಲಿಯ ಅಂಚಿನಲ್ಲಿ ಆರು ಕಾಯಿ ಇದ್ದವು. ಕೆಳಗೆ ಎಂಟು ಕಾಯಿ ಉಳಿದಿದ್ದವು. ಹುಡುಗ ಕೂಗಿದ, "ತಾತ, ಆರ್ನೂರ ಎಂಟು."

ನಾನು ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಕೊಟ್ಟೆ. ಜಗಲಿ ಮೇಲೆ ಬರಿ ಮಗಾ ಅಂದೆ. 61008 ಅಂತ ಬರೆದ.

"ಈ ಆರು ಕಾಯಿ ಎಷ್ಟು?"

"ಆರ್ನೂರು."

"ನಂಗೆ ಆರೇ ಕಾಣ್ತಿದೆಯಲ್ಲ?"

"ಪಕ್ಕಕ್ಕಿಟ್ಟಿರೋದು ಮಿಸ್, ಅದಕ್ಕೆ."

ಪಕ್ಕಕ್ಕೆ ಇಟ್ಟಿದೆ, ಅದಕ್ಕೆ ಅದು ನೂರು. ನಾನು ಎರಡು ವಾರದಿಂದ ಹೇಳಿಕೊಡಲು ಒದ್ದಾಡುತ್ತಿದ್ದ ಸ್ಥಾನಬೆಲೆಯನ್ನು ಅವನು ಒಂದೇ ಮಾತಲ್ಲಿ ಹೇಳಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ತಾತನಿಗೆ ಕತ್ತಲಾಗುವುದರೊಳಗೆ ಕೆಲಸ ಮುಗಿಯಬೇಕಿತ್ತು. "ಮೇಡಂ, ಅವ್ನ್ನ ಬಿಡಿ, ಗುರುತಿನ ಕಾಯಿ ಮೇಲಕ್ ಕೊಡ್ಲಿ" ಅಂದರು. ನಾನು ಎದ್ದು ಬಂದೆ.

ಮರುದಿನ ತರಗತಿಯಲ್ಲಿ ಬಿಸಿಯೂಟದ ಮೂರು ಸ್ಟೀಲ್ ತಟ್ಟೆ ತಂದು ಸಾಲಾಗಿ ಇಟ್ಟೆ. ಹುಣಸೆ ಬೀಜಗಳು ನಮ್ಮ ತೆಂಗಿನಕಾಯಿ. ಬಲಗಡೆಯ ತಟ್ಟೆಗೆ ಬೀಜ ಎಣಿಸಿ ಹಾಕುವುದು. ಹತ್ತು ಆದ ಕೂಡಲೇ ಒಂಬತ್ತು ಬೀಜ ಚೀಲಕ್ಕೆ ವಾಪಸ್, ಒಂದು ಗುರುತಿನ ಬೀಜ ಪಕ್ಕದ ತಟ್ಟೆಗೆ. ಅಲ್ಲಿ ಹತ್ತು ಗುರುತಾದರೆ, ಅದರಲ್ಲಿ ಒಂದು ಇನ್ನೂ ಎಡಕ್ಕೆ. ತಾತ ನೂರಕ್ಕೊಮ್ಮೆ ಮಾತ್ರ ಗುರುತು ಇಡುತ್ತಿದ್ದರು, ನಾವು ಹತ್ತಕ್ಕೂ ಇಟ್ಟೆವು. ಹುಡುಗನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಉಳಿದವರಿಗೆ ಅವನೇ ಹೇಳಿಕೊಟ್ಟ. ತೆಂಗಿನ ತೋಟ ಇರುವ ಮನೆಯ ಮಕ್ಕಳೆಲ್ಲ "ಓ, ಗುರುತಿನ ಕಾಯಿ!" ಅಂದರು.

ಬರೆಯುವ ನಿಯಮ ಒಂದೇ. ತಟ್ಟೆಯಲ್ಲಿ ಕಣ್ಣಿಗೆ ಎಷ್ಟು ಬೀಜ ಕಾಣುತ್ತದೋ ಅಷ್ಟನ್ನೇ ಬರೆಯಬೇಕು. ಎಡದ ತಟ್ಟೆಯಲ್ಲಿ ಆರು ಕಂಡರೆ 6. 6100 ಆ ದಿನವೇ ಹೋಯಿತು.

ಹೋದ ಜಾಗಕ್ಕೆ ಹೊಸ ತಪ್ಪು ಬಂತು. ಆರುನೂರ ಎಂಟನ್ನು ಹುಡುಗ 68 ಅಂತ ಬರೆದ. ನ್ಯಾಯವಾಗಿ ನೋಡಿದರೆ ಅವನು ನನ್ನ ನಿಯಮವನ್ನೇ ಪಾಲಿಸಿದ್ದ. ಎಡದಲ್ಲಿ ಆರು ಕಂಡಿತು, ಬಲದಲ್ಲಿ ಎಂಟು ಕಂಡಿತು, ನಡುವೆ ಏನೂ ಕಾಣಲಿಲ್ಲ. ಹಳೆಯ ತಪ್ಪಿನಲ್ಲಿ ಸೊನ್ನೆ ಜಾಸ್ತಿಯಾಗಿತ್ತು, ಈಗ ಸೊನ್ನೆಯೇ ಇಲ್ಲ. ನನಗೆ ಇದರಿಂದ ಬೇಸರವಾಗಲಿಲ್ಲ. ಕಿವಿಯಿಂದ ಬರೆಯುತ್ತಿದ್ದ ಮಗು ಕಣ್ಣಿನಿಂದ ಬರೆಯಲು ಶುರು ಮಾಡಿದೆ ಅಂತ ಈ ತಪ್ಪು ಹೇಳುತ್ತಿತ್ತು.

ಸೊನ್ನೆಯ ಬಗ್ಗೆ ಪಾಠ ಮಾಡಲಿಲ್ಲ. ನಡುವಿನ ತಟ್ಟೆಯನ್ನು ಎತ್ತಿ ಬಚ್ಚಿಟ್ಟೆ. ಎಡದಲ್ಲಿ ಆರು, ಬಲದಲ್ಲಿ ಎಂಟು ಬೀಜ ಇರುವ ಎರಡೇ ತಟ್ಟೆ ಉಳಿದವು. ಹೊರಗೆ ಹೋಗಿದ್ದ ಒಬ್ಬ ಹುಡುಗಿಯನ್ನು ಕರೆದು, ಎಷ್ಟು ಓದು ಅಂದೆವು. "ಅರವತ್ತೆಂಟು" ಅಂದಳು. ಹುಡುಗ ಎದ್ದು ನಿಂತ. "ಅಲ್ಲ ಮಿಸ್, ನಡುವಿನ ತಟ್ಟೆ ತೆಗೆದ್ರೆ ಅವಳಿಗೆ ಹೆಂಗೆ ಗೊತ್ತಾಗುತ್ತೆ? ಖಾಲಿ ತಟ್ಟೆನೂ ಇಡ್ಬೇಕು." ಹಾಗಾದರೆ ಸ್ಲೇಟಿನಲ್ಲಿ ಖಾಲಿ ತಟ್ಟೆಯನ್ನು ಹೇಗೆ ಇಡ್ತೀಯಾ ಅಂದೆ. ಅವನು ಒಂದು ಉರುಟು ಬರೆದ. ಅದು ತಟ್ಟೆಯ ಚಿತ್ರವೋ ಸೊನ್ನೆಯೋ ನನಗೆ ಈಗಲೂ ಗೊತ್ತಿಲ್ಲ.

ಇದಾದ ಮೇಲೆ ಸಂಖ್ಯೆ ಬರೆದ ಕಾಗದದ ಪಟ್ಟಿಗಳು. ಸರ್ಕಾರಿ ಶಾಲೆಗಳಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನ ಅನ್ನುವ ಕಾರ್ಯಕ್ರಮದ ಕಿಟ್ ಇದೆ, ಅದರಲ್ಲಿ ಇಂಥ ಸಾಮಗ್ರಿ ಸಿಗುತ್ತದೆ. ಆದರೆ ಮಕ್ಕಳು ತಮ್ಮ ಕೈಯಲ್ಲಿ ಮಾಡಲಿ ಅಂತ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದೆವು. ಒಂದು ಸೆಟ್ಟಿಗೆ 27 ಪಟ್ಟಿ. 100ರಿಂದ 900ರವರೆಗೆ ಉದ್ದದ ಒಂಬತ್ತು, 10ರಿಂದ 90ರವರೆಗೆ ಮಧ್ಯಮ ಒಂಬತ್ತು, 1ರಿಂದ 9ರವರೆಗೆ ಗಿಡ್ಡ ಒಂಬತ್ತು. 600ರ ಪಟ್ಟಿಯ ಮೇಲೆ ಬಲ ತುದಿ ಸರಿಯಾಗಿ ಹೊಂದುವಂತೆ 8ರ ಪಟ್ಟಿ ಇಟ್ಟರೆ 608 ಕಾಣುತ್ತದೆ. ಕೇಳಿಸಿದ 600 ಎಲ್ಲೂ ಹೋಗಿಲ್ಲ, ಎಂಟರ ಕೆಳಗೆ ಅದರ ಸೊನ್ನೆ ಕೂತಿದೆ. ಕಿವಿಗೆ ಕೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ಸೇತುವೆ ಹಾಕುವುದು ಈ ಪಟ್ಟಿ. ತಟ್ಟೆಯೊಂದರಿಂದ ಇದು ಆಗುವುದಿಲ್ಲ. ಹುಡುಗ 8ನ್ನು ಎತ್ತಿ ಕೆಳಗಿನ ಸೊನ್ನೆ ನೋಡುವುದು, ಮುಚ್ಚುವುದು, ಮತ್ತೆ ಎತ್ತಿ ನೋಡುವುದು. ಒಂದು ಇಡೀ ಅವಧಿ ಅದನ್ನೇ ಮಾಡಿದ. ನಾನು ತಡೆಯಲಿಲ್ಲ.

ಶನಿವಾರ ಮಕ್ಕಳ ಸಂತೆ ಇಟ್ಟುಕೊಂಡೆವು. ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಮನೆಯಲ್ಲಿ ಕರಿದ ಚಕ್ಕುಲಿ. ಅಪ್ಪ ಅಮ್ಮಂದಿರೇ ಗಿರಾಕಿಗಳು. ಇದು ಅನೇಕ ಶಾಲೆಗಳಲ್ಲಿ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ನಾವು ಒಂದು ಮಾತು ಸೇರಿಸಿದೆವು. ಬಾಯಲ್ಲಿ ಎಷ್ಟು ಅಂತ ಹೇಳಿದರೆ ಸಾಲದು, ಚೀಟಿಯಲ್ಲಿ ಅಂಕಿಯಲ್ಲಿ ಬರೆದು ಕೊಡಬೇಕು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಆ ಮಕ್ಕಳು ಕಷ್ಟದ ವ್ಯಾಪಾರದ ಲೆಕ್ಕವನ್ನೂ ಮನಸ್ಸಿನಲ್ಲೇ ಮಾಡುತ್ತಾರೆ, ಶಾಲೆಯ ರೀತಿಯಲ್ಲಿ ಕೊಟ್ಟರೆ ತಡವರಿಸುತ್ತಾರೆ. ಶಾಲೆಗೆ ಹೋಗಿ ಪುಸ್ತಕದ ಲೆಕ್ಕ ಕಲಿತ ಮಕ್ಕಳ ಕಥೆ ಉಲ್ಟಾ. ಸಂತೆ ಮಾಡಿಸಿದ ಮಾತ್ರಕ್ಕೆ ಸಂತೆಯ ಲೆಕ್ಕ ಸ್ಲೇಟಿಗೆ ಬರುವುದಿಲ್ಲ ಅನ್ನುವುದಕ್ಕೆ ನನ್ನ ಹುಡುಗನೇ ಸಾಕ್ಷಿ. ಅದಕ್ಕೇ ಆ ಚೀಟಿ. ಆ ದಿನ ಅವನು ಏಳು ಚೀಟಿ ಬರೆದ. ಒಂದರಲ್ಲಿ ನೂರ ಐದು ರೂಪಾಯಿ ಇತ್ತು. 105 ಅಂತ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟಿದ್ದ.

ನಾಲ್ಕನೇ ವಾರದ ಕೊನೆಯಲ್ಲಿ ಹೊಸ ಹತ್ತು ಸಂಖ್ಯೆ ಕೊಟ್ಟೆ. ಮನೆಗಳಿಲ್ಲದ ಖಾಲಿ ಸ್ಲೇಟು, ತಟ್ಟೆಯಿಲ್ಲ, ಪಟ್ಟಿಯಿಲ್ಲ. ಹುಡುಗನದು ಒಂಬತ್ತು ಸರಿ. ಒಂಬೈನೂರ ಒಂಬತ್ತನ್ನು 990 ಅಂತ ಬರೆದ. ಕೇಳಿದರೆ, "ತೊಂಬತ್ತು ಅಂದ್ರಿ ಅಲ್ವಾ ಮಿಸ್?" ಅಂದ. ಒಂಬತ್ತು, ತೊಂಬತ್ತು, ಒಂಬೈನೂರು. ಈ ಮೂರು ಪದ ಒಂದಕ್ಕೊಂದು ಎಷ್ಟು ಹತ್ತಿರ! ಅದು ಕಿವಿಯ ತಪ್ಪು, ಸ್ಥಾನದ ತಪ್ಪಲ್ಲ. ಹಾಗಾಗಿ ಪ್ರಗತಿ ನೋಟದಲ್ಲಿ, ಅಂದರೆ ಯಾವ ಮಗು ಎಲ್ಲಿಗೆ ಬಂದಿದೆ ಅಂತ ಗುರುತು ಹಾಕುವ ಪಟದಲ್ಲಿ, ಅವನ ಮೆಟ್ಟಿಲು ಮುಗಿದಿದೆ ಅಂತ ಗುರುತು ಹಾಕಿದೆ.

ಅದೇ ದಿನ ಅವನು ತಟ್ಟೆಗಳ ಹತ್ತಿರ ಕೂತು ಒಂದು ಪ್ರಶ್ನೆ ಕೇಳಿದ. "ಎಡಗಡೆ ತಟ್ಟೇಲಿ ಹತ್ತು ಗುರುತು ಆದ್ರೆ ಏನ್ ಮಾಡೋದು ಮಿಸ್? ತಾತ ಹತ್ತು, ಹನ್ನೊಂದು ಅಂತ ಇಡ್ತಾನೇ ಹೋಗ್ತಾರೆ. ನಮ್ಗೆ ಇನ್ನೊಂದು ತಟ್ಟೆ ಬೇಕಲ್ವಾ?" ಅಡುಗೆ ಕೋಣೆಗೆ ಹೋಗಿ ತಗೊಂಡು ಬಾ ಅಂದೆ. ಓಡಿದ.

ಉಳಿದ ಆರು ಮಕ್ಕಳಲ್ಲಿ ನಾಲ್ವರು ಈಗ ಸರಿಯಾಗಿ ಬರೆಯುತ್ತಾರೆ. ಒಬ್ಬ ಜ್ವರ ಬಂದು ಬಹಳ ದಿನ ಶಾಲೆಗೆ ಬರಲಿಲ್ಲ, ಅವನಿಗೆ ತಟ್ಟೆಯಿಂದಲೇ ಶುರು ಮಾಡಬೇಕು. ಇನ್ನೊಬ್ಬಳು ತಟ್ಟೆ ಎದುರಿಗೆ ಇದ್ದರೆ ಸರಿ ಬರೆಯುತ್ತಾಳೆ, ತೆಗೆದರೆ ಮತ್ತೆ 1005. ಅವಳ ಮನೆಗೆ ತೆಂಗಿನ ತೋಟವಿಲ್ಲ. ಗುರುತಿನ ಕಾಯಿ ಅಂದಾಗ ಎಲ್ಲರೂ ಕೂಗಿದಾಗ ಅವಳು ಸುಮ್ಮನೆ ಕೂತಿದ್ದಳು, ಅದು ನನಗೆ ನೆನಪಿದೆ. ಅವಳ ಅಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾರೆ. ಮೊಳ ಲೆಕ್ಕ ಅವಳಿಗೆ ಬಾಯಲ್ಲೇ ಇದೆ. ಎಷ್ಟು ಮೊಳ ಹೋಯಿತು ಅಂತ ಅಮ್ಮ ಹೇಗೆ ನೆನಪಿಟ್ಟುಕೊಳ್ಳುತ್ತಾರೆ, ಏನಾದರೂ ಪಕ್ಕಕ್ಕಿಡುತ್ತಾರಾ, ದಾರಕ್ಕೆ ಗಂಟು ಹಾಕುತ್ತಾರಾ ಅಂತ ಕೇಳಿದೆ. ನೋಡಿಲ್ಲ ಮಿಸ್ ಅಂದಳು. ಸೋಮವಾರ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೇನೆ.